ಆಸಕ್ತಿ ಇದೆ, ದಾರಿ ಎಲ್ಲಿದೆ?

ಇವತ್ತು ಎರಡು ಅಂಕಿಗಳಿಂದ ಶುರು ಮಾಡ್ತೀನಿ. 17 ಮತ್ತು 8. ಅಮೆರಿಕದಲ್ಲಿ ದುಡಿಯುವ ಪ್ರತಿ 100 ಜನರಲ್ಲಿ 17 ಮಂದಿ ಹಿಸ್ಪಾನಿಕ್ ಸಮುದಾಯದವರು. ಅಂದ್ರೆ ಮೆಕ್ಸಿಕೋ, ಪೋರ್ಟೊರಿಕೊದಂಥ ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರು. ಆದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಕೆಲಸಗಳಲ್ಲಿ ಅವರು 100ಕ್ಕೆ 8 ಮಾತ್ರ. ಇದು ಪ್ಯೂ ರಿಸರ್ಚ್ ಸೆಂಟರ್ 2021ರಲ್ಲಿ ಕೊಟ್ಟ ಲೆಕ್ಕ.

ಹಾಗಾದ್ರೆ ಆ ಮಕ್ಕಳಿಗೆ ವಿಜ್ಞಾನ ಇಷ್ಟ ಇಲ್ವಾ? ಇದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಕಾಲೇಜಿಗೆ ಬಂದ ಮೇಲೆ ಈ ವಿಷಯಗಳನ್ನು ಆರಿಸಿಕೊಳ್ಳೋದರಲ್ಲಿ ಬಿಳಿಯರಿಗೂ ಇವರಿಗೂ ಹೆಚ್ಚು ವ್ಯತ್ಯಾಸ ಇಲ್ಲ. ವ್ಯತ್ಯಾಸ ಕಾಣೋದು ಆಮೇಲೆ. ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ. 29ರಷ್ಟು ಮಂದಿ ಬೇರೆ ವಿಷಯಕ್ಕೆ ಹೊರಳಿದರೆ, ಇವರಲ್ಲಿ ಶೇ. 37.

ಹಾಗಾಗಿ ನಾನು ನೋಡೋದು ಆಸಕ್ತಿಯನ್ನಲ್ಲ, ದಾರಿಯನ್ನ. ಮೊದಲನೇದು ಗಣಿತ. ಅಲ್ಲಿ 12ನೇ ತರಗತಿಯಲ್ಲಿ ಕ್ಯಾಲ್ಕುಲಸ್ ಓದಬೇಕು ಅಂದ್ರೆ ಸಾಮಾನ್ಯವಾಗಿ 8ನೇ ತರಗತಿಯಲ್ಲೇ ಬೀಜಗಣಿತ ಶುರುವಾಗಿರಬೇಕು. ಅಂದ್ರೆ 13ನೇ ವಯಸ್ಸಿಗೇ ಒಂದು ಬಾಗಿಲು ಅರ್ಧ ಮುಚ್ಚಿರುತ್ತೆ. ಎಷ್ಟೋ ಬಡ ಬಡಾವಣೆಗಳ ಹೈಸ್ಕೂಲುಗಳಲ್ಲಿ ಕ್ಯಾಲ್ಕುಲಸ್ ಕ್ಲಾಸೇ ಇರೋದಿಲ್ಲ.

ಎರಡನೇದು ನಂಬಿಕೆ. ಪೂರ್ವ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಹೈಸ್ಕೂಲಿನಲ್ಲಿ ಬೊಲಿವಿಯಾದಿಂದ ಬಂದ ಹೈಮೆ ಎಸ್ಕಲಾಂಟೆ ಎಂಬ ಮೇಷ್ಟ್ರು ಕ್ಯಾಲ್ಕುಲಸ್ ಹೇಳಿಕೊಟ್ಟರು. 1982ರಲ್ಲಿ ಅವರ 18 ವಿದ್ಯಾರ್ಥಿಗಳು ಕಾಲೇಜು ಮಟ್ಟದ ಪರೀಕ್ಷೆ ಪಾಸಾದರು. ಶಹಬ್ಬಾಸ್ ಅನ್ನೋ ಬದಲು ಪರೀಕ್ಷಾ ಮಂಡಳಿ 14 ಜನರ ಮೇಲೆ ಕಾಪಿ ಹೊಡೆದ ಅನುಮಾನ ಪಟ್ಟಿತು. 12 ಮಂದಿ ಮತ್ತೆ ಪರೀಕ್ಷೆ ಬರೆದರು. ಹನ್ನೆರಡೂ ಮಂದಿ ಪಾಸ್! ಇದೇ ಕಥೆ 1988ರಲ್ಲಿ ‘ಸ್ಟ್ಯಾಂಡ್ ಅಂಡ್ ಡೆಲಿವರ್’ ಸಿನಿಮಾ ಆಯ್ತು.

ಮೂರನೇದು ಮನೆ. ಹೋಸೆ ಹೆರ್ನಾಂಡೆಸ್ ಅವರ ಅಪ್ಪ ಅಮ್ಮ ಫಸಲಿನ ಹಿಂದೆ ಮೆಕ್ಸಿಕೋ, ಕ್ಯಾಲಿಫೋರ್ನಿಯಾ ಅಂತ ಅಲೆಯುತ್ತಿದ್ದ ಕೂಲಿಕಾರರು. ಎರಡನೇ ತರಗತಿಯ ಟೀಚರ್ ಅವರ ಮನೆಗೇ ಬಂದು, ಒಂದು ಕಡೆ ನೆಲೆ ನಿಲ್ಲಿ, ಮಕ್ಕಳು ಓದಲಿ ಎಂದು ಕೇಳಿಕೊಂಡರು. ಅವರು ನಿಂತರು. ಆ ಹುಡುಗ ಎಂಜಿನಿಯರ್ ಆದ. ನಾಸಾ 11 ಸಲ ಬೇಡ ಅಂದರೂ ಬಿಡಲಿಲ್ಲ. 2009ರಲ್ಲಿ ಡಿಸ್ಕವರಿ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ.

ಅದೇ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ಅಪ್ಪನೋ ಅಮ್ಮನೋ ಸಾಫ್ಟ್‌ವೇರ್ ಕೆಲಸದಲ್ಲಿರುವ ಮನೆಯಲ್ಲಿ ಯಾವ ಕೋರ್ಸ್ ತಗೋಬೇಕು ಅನ್ನೋದು ಊಟದ ಹೊತ್ತಿನ ಮಾತು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವ ಮಗುವಿಗೆ ಆ ಮಾತು ಆಡೋರು ಯಾರು? ಜೊತೆಗೆ ಫೀಸು, ಮನೆಗೆ ನೆರವಾಗೋ ಪಾರ್ಟ್‌ಟೈಮ್ ಕೆಲಸ. ಲ್ಯಾಬಿನ ಸಮಯಕ್ಕೂ ಕೆಲಸದ ಶಿಫ್ಟಿಗೂ ತಾಳೆಯಾಗದಿದ್ದರೆ ಕೈಬಿಡೋದು ಲ್ಯಾಬನ್ನೇ.

ಇದನ್ನ ‘ವಿದ್ಯಾರ್ಥಿಯ ಆಯ್ಕೆ’ ಅಂತ ಬರೆದುಬಿಡೋದು ಸುಲಭ. ಆಯ್ಕೆ ಅನ್ನಬೇಕಾದ್ರೆ ಮೊದಲು ಆ ಕ್ಲಾಸ್ ಇರಬೇಕು, ನಿನ್ನಿಂದ ಆಗುತ್ತೆ ಅನ್ನೋ ಒಬ್ಬ ಮೇಷ್ಟ್ರಾದರೂ ಇರಬೇಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ.