ಪದವಿಯಲ್ಲೇ ನಿಲ್ಲಿಸಬೇಕೇ ಹೆಣ್ಮಕ್ಕಳ ವಿದ್ಯೆ?
(ವಿದ್ಯಾರ್ಥಿ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಸಾರ)



ಹಸುಗೂಸಿನ ಬಾಯಲ್ಲಿ ಶಿಲೀಂಧ್ರದ ಸೋಂಕಿನಿಂದ ಬಿಳಿ ಪದರ ಕಟ್ಟಿದಾಗ ವೈದ್ಯರು ಕೊಡುವ ಹನಿಮದ್ದುಗಳಲ್ಲಿ ನಿಸ್ಟಾಟಿನ್ ಒಂದು. ಅದನ್ನು ಕಂಡುಹಿಡಿದವರು ಅಮೆರಿಕದ ಇಬ್ಬರು ಮಹಿಳೆಯರೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ಎಲಿಜಬೆತ್ ಹೇಝನ್ ಬಾಲ್ಯದಲ್ಲೇ ಅನಾಥರಾಗಿ ಬಂಧುಗಳ ಆಶ್ರಯದಲ್ಲಿ ಬೆಳೆದರು. ಶಿಕ್ಷಕಿಯಾಗಿ ದುಡಿದು, ಬಳಿಕ ಕೊಲಂಬಿಯಾ ವಿಶ್ವವಿದ್ಯಾನಿಲಯ ಸೇರಿ, 1927ರಲ್ಲಿ ಡಾಕ್ಟರೇಟ್ ಪಡೆದಾಗ ಅವರಿಗೆ 40 ದಾಟಿತ್ತು. ಶಿಲೀಂಧ್ರ ರೋಗಗಳ ಅಧ್ಯಯನಕ್ಕೆ ತಿರುಗಿದ್ದು ಇನ್ನೂ ತಡವಾಗಿ, 1940ರ ದಶಕದಲ್ಲಿ. ಅವರ ಸಹಸಂಶೋಧಕಿ ರೇಚಲ್ ಬ್ರೌನ್‌ರ ಕಾಲೇಜು ವೆಚ್ಚವನ್ನು ಕುಟುಂಬದ ಪರಿಚಯದ ಸಿರಿವಂತ ಮಹಿಳೆಯೊಬ್ಬರು ಭರಿಸಿದ್ದರು. ಹೇಝನ್ ನ್ಯೂಯಾರ್ಕ್‌ನಲ್ಲಿ, ಬ್ರೌನ್ ಆಲ್ಬನಿಯಲ್ಲಿ. ಮಣ್ಣಿನ ಸೂಕ್ಷ್ಮಜೀವಿಗಳ ಮಾದರಿಗಳನ್ನು ಅಂಚೆಯಲ್ಲಿ ಕಳುಹಿಸಿಕೊಳ್ಳುತ್ತಲೇ ಮದ್ದನ್ನು ಶೋಧಿಸಿ 1950ರಲ್ಲಿ ಪ್ರಕಟಿಸಿದರು. ಬಂದ ರಾಯಧನ 1.3 ಕೋಟಿ ಡಾಲರ್‌ಗೂ ಅಧಿಕ. ಅದನ್ನು ಸ್ವಂತಕ್ಕೆ ಬಳಸದೆ ಸಂಶೋಧನೆಗೇ ಮೀಸಲಿಟ್ಟರು.

2021ರಲ್ಲಿ ಕೋವಿಡ್ ರೋಗಿಗಳನ್ನು ಕಪ್ಪು ಶಿಲೀಂಧ್ರ ಕಾಡಿದಾಗ ಆಂಫೊಟೆರಿಸಿನ್ ಔಷಧಿಗಾಗಿ ನಮ್ಮ ನಾಡಿನ ಕುಟುಂಬಗಳು ಪರದಾಡಿದವು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಂಶೋಧನೆಗೆ ಆದ್ಯತೆ ಬೇಕಾದ 19 ಶಿಲೀಂಧ್ರಗಳ ಪಟ್ಟಿಯನ್ನು ಪ್ರಕಟಿಸಿತು. ಮಾಡಬೇಕಾದ ಕೆಲಸ ಬೆಟ್ಟದಷ್ಟಿದೆ. ಮಾಡುವ ಕೈಗಳು ಕಡಿಮೆ.

ಹೀಗಿರುವಾಗ, ಮಗಳು ಬಿ.ಎಸ್ಸಿ. ಮುಗಿಸಿದೊಡನೆ 'ಇನ್ನು ಸಾಕು' ಎನ್ನುವ ನಮ್ಮ ಪರಿಪಾಠ ನ್ಯಾಯವೇ? ಮದುವೆಯೂಟಕ್ಕೆ ಲಕ್ಷಗಟ್ಟಲೆ ಸುರಿಯುವ ನಾವು ಬಡ ವಿದ್ಯಾರ್ಥಿನಿಯೊಬ್ಬಳ ಒಂದು ವರ್ಷದ ಶುಲ್ಕವನ್ನು ವಹಿಸಿಕೊಳ್ಳಲಾರೆವೇ? ಮನೆಗೆ ಮರಳಿದ ಮೇಲೆ ಈ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳೋಣ.