ಮಳೆಯನ್ನು ಕೇಳಿ ಟಿಕೆಟ್ ತೆಗೆಯಿರಿ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಪಠ್ಯ)



ನಮ್ಮ ತುಳಸಿಗೇರಿಯಂಥ ಊರಲ್ಲಿ ಒಂದು ಮನೆಗೆ ಪಾಸ್‌ಪೋರ್ಟ್ ಬಂತೆಂದರೆ ಅದಕ್ಕೆ ಎರಡೇ ಕಾರಣ. ಮನೆಯ ಹಿರಿಯರು ಹಜ್ಜಿಗೋ ಉಮ್ರಾಕ್ಕೋ ಹೊರಟಿದ್ದಾರೆ, ಇಲ್ಲವೇ ಮನೆಯ ಹುಡುಗ ಗಲ್ಫಿಗೆ ನೌಕರಿಗೆ ಹೊರಟಿದ್ದಾನೆ. ಮೂರನೆಯ ಕಾರಣವೊಂದಕ್ಕೆ ನಮ್ಮ ಮನೆಗೆ ಪಾಸ್‌ಪೋರ್ಟ್ ಬಂದಾಗ ಓಣಿಯವರಿಗೆ ಆಶ್ಚರ್ಯವಾಯಿತು. ಬಿ.ಎಸ್‌ಸಿ. ಓದುತ್ತಿದ್ದ ನನ್ನ ಮಗಳು, "ಅಬ್ಬಾ, ಪುಸ್ತಕದಲ್ಲಿ ಮಳೆಕಾಡು ಎಂದು ಬರೆದು ಬರೆದು ಬೇಸರವಾಗಿದೆ, ಒಂದು ಸಲ ತೋರಿಸಿ" ಎಂದು ಹಟ ಹಿಡಿದಳು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 560 ಮಿಲಿಮೀಟರ್. ಎರೆಭೂಮಿ, ಜೋಳ, ಬಿಸಿಲು ನೋಡಿ ಬೆಳೆದ ಹುಡುಗಿ. ಆಕೆ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಆ ವರ್ಷ ಉಳ್ಳಾಗಡ್ಡಿಗೆ ಒಳ್ಳೆಯ ಬೆಲೆ ಬಂದಿತ್ತು. ಆ ಹಣದಲ್ಲಿ ಮೊದಲು ಉಮ್ರಾ ಮಾಡಬೇಕಿತ್ತು ಎಂದವರೂ ಇದ್ದರು. ಅವರ ಮಾತನ್ನು ನಾನು ತಳ್ಳಿಹಾಕಲಿಲ್ಲ, ಆದರೆ ಮಗಳ ಓದಿನ ವರ್ಷಗಳು ಕಾಯುವುದಿಲ್ಲ ಎಂದು ಹೇಳಿ ಶ್ರೀಲಂಕಾಕ್ಕೆ ಹೊರಟೆವು. ಹೊರಟದ್ದು ಸರಿ. ಹೊರಟ ತಿಂಗಳು ಮಾತ್ರ ತಪ್ಪಾಗಿತ್ತು. ಆ ತಪ್ಪನ್ನು ನಿಮಗೆ ಹೇಳಬೇಕೆಂದೇ ಇಂದು ಇಲ್ಲಿ ನಿಂತಿದ್ದೇನೆ.

ಶ್ರೀಲಂಕಾವನ್ನೇ ಏಕೆ ಆರಿಸಿಕೊಂಡೆವು ಎಂದು ನೀವು ಕೇಳಬಹುದು. ಮೊದಲನೆಯದು ದೂರ. ಬಾಗಲಕೋಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಒಂದಿಡೀ ರಾತ್ರಿ ಬೇಕು, ಬೆಂಗಳೂರಿನಿಂದ ಕೊಲಂಬೋಗೆ ವಿಮಾನದಲ್ಲಿ ಒಂದೂವರೆ ಗಂಟೆ ಸಾಕು. ಗಡಿಯಾರ ಕೂಡ ತಿರುಗಿಸಬೇಕಾಗಿಲ್ಲ, ಅಲ್ಲಿಯೂ ನಮ್ಮದೇ ಸಮಯ. ಎರಡನೆಯದು, ನಮ್ಮ ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಎರಡನ್ನೂ ವಿಜ್ಞಾನಿಗಳು ಜೀವವೈವಿಧ್ಯದ ಒಂದೇ ತಾಣವೆಂದು ಎಣಿಸುತ್ತಾರೆ. ಎಷ್ಟೋ ಗಿಡ, ಕಪ್ಪೆ, ಹಕ್ಕಿಗಳಿಗೆ ಅಲ್ಲೊಬ್ಬ ಇಲ್ಲೊಬ್ಬ ದಾಯಾದಿ ಇದ್ದಾನೆ. ಮೂರನೆಯದು, ದೇಶ ಚಿಕ್ಕದು. ಅದರ ವಿಸ್ತೀರ್ಣ 65,610 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಸುಮಾರು ಮೂರನೇ ಒಂದು ಭಾಗ.

ಈ ಚಿಕ್ಕದು ಎಂಬ ಮಾತೇ ನಮ್ಮನ್ನು ಕೆಡಿಸಿತು. ಟಿಕೆಟ್ ಮಾಡಿಸಿಕೊಟ್ಟ ಏಜೆಂಟರು ಏಳು ದಿನಕ್ಕೆ ಒಂಬತ್ತು ಸ್ಥಳಗಳ ಪಟ್ಟಿ ಕೊಟ್ಟರು. ನಕ್ಷೆಯಲ್ಲಿ ಎಲ್ಲವೂ ಗೇಣು ಅಂತರದಲ್ಲಿ ಕಂಡವು. ಅಲ್ಲಿ ಹೋದ ಮೇಲೆ ತಿಳಿಯಿತು, ಗುಡ್ಡದ ದಾರಿಯಲ್ಲಿ ನೂರು ಕಿಲೋಮೀಟರಿಗೆ ಅರ್ಧ ದಿನ ಹೋಗುತ್ತದೆ. ಮೊದಲ ಮೂರು ದಿನ ನಾವು ನೋಡಿದ್ದು ವಾಹನದ ಕಿಟಕಿಯನ್ನು. ನಾನು ಶಾಲಾ ಶಿಕ್ಷಕ, ರಜೆ ಸಿಗುವುದು ಬೇಸಿಗೆಯಲ್ಲಿ. ಹಾಗಾಗಿ ಮೇ ಕೊನೆಯ ವಾರ ಹೋಗಿದ್ದೆವು. ಸಿಂಹರಾಜ ಕಾಡಿನ ಬಾಗಿಲಿಗೆ ಬಂದಾಗ ಮಳೆ ಹಿಡಿಯಿತು. ಒಂದು ದಿನ ಕೋಣೆಯೊಳಗೆ ಕುಳಿತೆವು, ಎರಡನೆಯ ದಿನವೂ ಕುಳಿತೆವು. ಮಗಳು ಮಾತಾಡಲಿಲ್ಲ. ಎರಡು ವರ್ಷ ಕೂಡಿಟ್ಟದ್ದು ಮಳೆಯ ಪಾಲಾಯಿತಲ್ಲ ಎಂದು ನನ್ನ ಹೊಟ್ಟೆ ಉರಿಯಿತು.

ಈಗ ಆ ಮಳೆಯ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಗಮನವಿಟ್ಟು ಕೇಳಿ.

ನಮ್ಮ ಬಾಗಲಕೋಟೆ ಏಕೆ ಒಣಗಿದೆ? ಅರಬ್ಬಿ ಸಮುದ್ರದಿಂದ ಬರುವ ಮೋಡಗಳು ಘಟ್ಟಕ್ಕೆ ಬಡಿದು ಅಲ್ಲಿಯೇ ಸುರಿದುಬಿಡುತ್ತವೆ. ಘಟ್ಟದ ಈಚೆಗಿರುವ ನಮಗೆ ಉಳಿದದ್ದು ಬರುತ್ತದೆ. ಇದನ್ನು ಮಳೆಯ ನೆರಳು ಎನ್ನುತ್ತಾರೆ, ಆ ನೆರಳು ವರ್ಷವಿಡೀ ನಮ್ಮ ಮೇಲೆಯೇ. ಶ್ರೀಲಂಕಾದಲ್ಲಿ ಬೆಟ್ಟಗಳು ದೇಶದ ನಡುವೆ ಇವೆ, ಮಳೆಗಾಲ ಎರಡು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಬೀಸಿ ಗಾಲೆ, ರತ್ನಪುರ, ಸಿಂಹರಾಜದ ಕಡೆಯನ್ನು ತೋಯಿಸುತ್ತದೆ. ಆಗ ಬೆಟ್ಟದಾಚೆಯ ಟ್ರಿಂಕೋಮಲಿಯಲ್ಲಿ ಬಿಸಿಲು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತ. ಆಗ ಪೂರ್ವ ಮತ್ತು ಉತ್ತರಕ್ಕೆ ಮಳೆ, ನೈಋತ್ಯದ ಕಾಡಿಗೆ ಬಿಡುವು. ಅಂದರೆ ಅಲ್ಲಿ ಮಳೆಯ ನೆರಳು ವರ್ಷಕ್ಕೆರಡು ಸಲ ಮಗ್ಗಲು ಬದಲಿಸುತ್ತದೆ. ಹಾಗಾಗಿ ಹೆಚ್ಚಿನ ತಿಂಗಳುಗಳಲ್ಲಿ ಒಂದು ಕಡೆ ಒಣಗಿರುತ್ತದೆ. ನಿಮ್ಮ ರಜೆ ಯಾವಾಗ ಎಂಬುದನ್ನು ಮೊದಲು ನೋಡಿ, ಆಮೇಲೆ ಯಾವ ಕಡೆ ಎಂಬುದನ್ನು ತೀರ್ಮಾನಿಸಿ. ನಾನು ಇದನ್ನು ತಿರುವುಮುರುವು ಮಾಡಿದೆ.

ಸಿಂಹರಾಜ ನೋಡಬೇಕೆನ್ನುವವರು ಜನವರಿಯಿಂದ ಮಾರ್ಚ್‌ ಒಳಗೆ ಹೋಗಬೇಕು. ಆಗಲೂ ಒಂದೆರಡು ಮಳೆ ಬಂದೀತು, ಅದು ಮಳೆಕಾಡು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಬಿಡುವಿದ್ದರೆ ಮಿನ್ನೇರಿಯಾ ಕೆರೆಯ ಕಡೆ ನೋಡಿ. ಅದು ಹಿಂದಿನ ಅರಸರು ಕಟ್ಟಿಸಿದ ಕೆರೆ. ಒಣ ತಿಂಗಳುಗಳಲ್ಲಿ ನೀರು ಹಿಂದೆ ಸರಿದು ಹಸಿರು ಹುಲ್ಲು ಬಂದಾಗ ಕಾಡಾನೆಗಳು ಹಿಂಡುಹಿಂಡಾಗಿ ಅಲ್ಲಿ ಸೇರುತ್ತವೆ. ಕೆರೆಯಲ್ಲಿ ನೀರು ಹೆಚ್ಚು ನಿಂತ ವರ್ಷ ಆನೆಗಳು ಕಡಿಮೆ. ಅಕ್ಟೋಬರ್, ನವೆಂಬರ್‌ನಲ್ಲಿ ಮಾತ್ರ ಎಚ್ಚರದಿಂದಿರಿ, ಅದು ಚಂಡಮಾರುತಗಳ ಕಾಲ. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತದಿಂದ ಅಲ್ಲಿಯ ಗುಡ್ಡಗಾಡಿನಲ್ಲಿ ಭೂಕುಸಿತಗಳಾಗಿ ನೂರಾರು ಜನ ತೀರಿಕೊಂಡರು, ರಸ್ತೆ, ರೈಲುದಾರಿ ಕೊಚ್ಚಿಹೋದವು. ಕ್ಯಾಂಡಿಯಿಂದ ಮೇಲಕ್ಕೆ ಹೋಗುವ ರೈಲಿನ ಚಿತ್ರ ನೋಡಿ ಆಸೆಪಟ್ಟವರು ದಾರಿ ತೆರೆದಿದೆಯೇ ಎಂದು ಕೇಳಿಯೇ ಹೊರಡಬೇಕು.

ನಮ್ಮ ಮೂರನೆಯ ದಿನದ ಕಥೆ ಹೇಳಬೇಕಲ್ಲ. ಬೆಳಿಗ್ಗೆ ಮಳೆ ನಿಂತಿತು. ಸಿಂಹರಾಜದೊಳಗೆ ಮಾರ್ಗದರ್ಶಿಯಿಲ್ಲದೆ ಬಿಡುವುದಿಲ್ಲ, ಅದು ಒಳ್ಳೆಯದೇ. 1988ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಾಡು ಅದು. ಅಲ್ಲಿಯ ಮರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಾತಿಗಳು ಆ ದೇಶ ಬಿಟ್ಟರೆ ಬೇರೆಲ್ಲೂ ಇಲ್ಲ. ಒಂದು ಗಂಟೆ ನಡೆದರೂ ಏನೂ ಕಾಣಲಿಲ್ಲ, ಬರೀ ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು. ಮಾರ್ಗದರ್ಶಿ "ನಿಲ್ಲಿ" ಎಂದ. ನಿಂತೆವು. ಹತ್ತು ನಿಮಿಷದ ಮೇಲೆ ಗದ್ದಲ ಮಾಡುತ್ತ ಹರಟೆಮಲ್ಲಗಳು ಬಂದವು, ಅವುಗಳ ಜೊತೆ ಕಾಜಾಣ, ಇನ್ನೂ ಹತ್ತಾರು ಬಗೆಯ ಹಕ್ಕಿಗಳು. ಬೇರೆ ಬೇರೆ ಜಾತಿಯ ಹಕ್ಕಿಗಳು ಒಂದೇ ಗುಂಪಾಗಿ ಮೇಯುವುದು ಆ ಕಾಡಿನ ವಿಶೇಷ. ಒಂದು ಹಕ್ಕಿ ಹುಳ ಎಬ್ಬಿಸಿದರೆ ಇನ್ನೊಂದು ಹಿಡಿಯುತ್ತದೆ, ಒಂದು ಹದ್ದು ಕಂಡು ಕೂಗಿದರೆ ಎಲ್ಲವೂ ಅಡಗುತ್ತವೆ. ಐದೇ ನಿಮಿಷ. ನನ್ನ ಮಗಳು ಆ ಐದು ನಿಮಿಷವನ್ನು ಇವತ್ತಿಗೂ ಹೇಳುತ್ತಾಳೆ. ಉಳಿದ ಎಂಟು ಸ್ಥಳಗಳ ಹೆಸರು ಆಕೆಗೆ ನೆನಪಿಲ್ಲ. ನೀವು ಏಳು ದಿನ ಹೋಗುವುದಾದರೆ ಎರಡು ಕಡೆಗಿಂತ ಹೆಚ್ಚು ತಂಗಬೇಡಿ. ಒಂದೇ ಸಲ ಹೋಗಲು ಶಕ್ತಿಯಿರುವ ನಮ್ಮಂಥವರಿಗೆ ಒಂದು ಕಾಡಿನಲ್ಲಿ ನಾಲ್ಕು ದಿನ ಎಂಬ ಲೆಕ್ಕವೇ ಸರಿ. ಮೂರು ದಿನ ಮಳೆ ಬಂದರೂ ನಾಲ್ಕನೆಯದು ಉಳಿಯುತ್ತದೆ.

ಇನ್ನು ಜಿಗಣೆಯ ವಿಷಯ. ಮಲೆನಾಡಿನವರು ಇಂಬಳ ಎನ್ನುವ ಈ ನೆಲದ ಜಿಗಣೆಯನ್ನು ನಮ್ಮ ಕಡೆಯವರು ನೋಡಿರುವುದಿಲ್ಲ. ಪ್ರಸಿದ್ಧ ಯಾತ್ರಿಕ ಇಬ್ನ್ ಬತೂತಾ 1344ರಲ್ಲಿ ಮಾಲ್ಡೀವ್ಸ್‌ನಿಂದ ಹೊರಟು ಸರಂದೀಬಿಗೆ, ಅಂದರೆ ಇದೇ ಶ್ರೀಲಂಕಾಕ್ಕೆ ಬಂದ. ಆದಮ್ ಅಲೈಹಿಸ್ಸಲಾಮರ ಹೆಜ್ಜೆ ಎಂದು ನಂಬಲಾದ ಬೆಟ್ಟವನ್ನು ಹತ್ತಿದ. ದಾರಿಯಲ್ಲಿ ಹುಲ್ಲಿನಿಂದ ಹಾರಿ ಬಂದು ಕಚ್ಚುವ ಜಿಗಣೆಗಳಿದ್ದವೆಂದೂ ಜನ ಅದಕ್ಕೆ ನಿಂಬೆಹಣ್ಣು ಸಿದ್ಧವಾಗಿಟ್ಟುಕೊಳ್ಳುತ್ತಿದ್ದರೆಂದೂ ಬರೆದಿಟ್ಟಿದ್ದಾನೆ. ಏಳುನೂರು ವರ್ಷ ಕಳೆಯುತ್ತ ಬಂದರೂ ಜಿಗಣೆ ಬದಲಾಗಿಲ್ಲ. ಈಗ ಮೊಣಕಾಲವರೆಗೆ ಬರುವ ಬಟ್ಟೆಯ ಜಿಗಣೆ ಕಾಲುಚೀಲಗಳು ಸಿಗುತ್ತವೆ. ಪ್ಯಾಂಟನ್ನೋ ಸಲ್ವಾರನ್ನೋ ಅದರೊಳಗೆ ಸೇರಿಸಿ ಕಟ್ಟಿ. ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು: ಉಡುಪಿನ ಅಂಚು ಹುಲ್ಲಿಗೆ ತಾಗುತ್ತಿದ್ದರೆ ಜಿಗಣೆ ಅಲ್ಲಿಂದಲೇ ಏರುತ್ತದೆ, ಅಂಚನ್ನು ಎತ್ತಿ ಪಿನ್ನು ಹಾಕಿಕೊಳ್ಳಿ. ಜಿಗಣೆ ಕಚ್ಚಿದರೆ ಜೀವಕ್ಕೇನೂ ಅಪಾಯವಿಲ್ಲ. ಭಯಪಡಬೇಕಾದದ್ದು ಹಗಲು ಕಚ್ಚುವ ಸೊಳ್ಳೆಗೆ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕಾವನ್ನು ಮಲೇರಿಯಾ ಮುಕ್ತವೆಂದು ಘೋಷಿಸಿತು, ಆದರೆ ಡೆಂಗಿ ಇದೆ. ಪೂರ್ಣ ತೋಳಿನ ಬಟ್ಟೆ, ಸೊಳ್ಳೆ ಮುಲಾಮು ಮರೆಯಬೇಡಿ. ತಿರುಗಿ ಬಂದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ಡಾಕ್ಟರಿಗೆ ಹೇಳಿ.

ಊಟದ ಚಿಂತೆ ಬೇಡ. ಅಲ್ಲಿಯ ಜನರಲ್ಲಿ ಹತ್ತರಲ್ಲಿ ಒಬ್ಬರಷ್ಟು ಮುಸ್ಲಿಮರು, ಹಲಾಲ್ ಹೋಟೆಲುಗಳು ಪೇಟೆಗಳಲ್ಲಿ ಸಿಗುತ್ತವೆ. ಕಾಡಿನಂಚಿನ ಮನೆಗಳಲ್ಲಿ ಅನ್ನ, ಬೇಳೆ, ತೆಂಗಿನಕಾಯಿ. ನಾವು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ದೆವು. ಮಳೆಯ ಎರಡು ದಿನ ಅದನ್ನೇ ತಿಂದೆವು. ಆದರೆ ಆ ಹಸಿಯಲ್ಲಿ ಖಡಕ್ ರೊಟ್ಟಿ ಖಡಕ್ ಉಳಿಯುವುದಿಲ್ಲ, ಡಬ್ಬಿ ಬಿಗಿಯಾಗಿರಲಿ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಕಟ್ಟುನಿಟ್ಟಿನ ಮಾತಿದೆ. ಹರ್ಬೇರಿಯಂ ಮಾಡುವ ಅಭ್ಯಾಸದಿಂದ ಎಲೆ, ಬೀಜ, ಚಿಟ್ಟೆ ಎತ್ತಿಕೊಳ್ಳಲು ಕೈ ಹೋಗುತ್ತದೆ. ಅಲ್ಲಿ ಅದು ಅಪರಾಧ. 2020ರಲ್ಲಿ ಯಾಲ ರಾಷ್ಟ್ರೀಯ ಉದ್ಯಾನದಲ್ಲಿ ಕೀಟಗಳನ್ನು ಹಿಡಿದು ಸಿಕ್ಕಿಬಿದ್ದ ಇಟಲಿಯ ತಂದೆ ಮಗನಿಗೆ 2024ರಲ್ಲಿ ನ್ಯಾಯಾಲಯ 6 ಕೋಟಿ ಲಂಕಾ ರೂಪಾಯಿ ದಂಡ ಹಾಕಿತು. ನನ್ನ ಮಗಳು ಒಂದು ನೋಟ್‌ಬುಕ್ಕಿನಲ್ಲಿ ಎಲೆಗಳ ಚಿತ್ರ ಬರೆದುಕೊಂಡಳು. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಹೊರದೇಶಕ್ಕೆ ಹೋಗುವ ಮುನ್ನ ಒಂದು ತಾಲೀಮು ಮಾಡಿ. ಬಾದಾಮಿ ತಾಲ್ಲೂಕಿನಲ್ಲಿ ಹರಿಯುವ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಘಟ್ಟದ ಕಾಡಿನೊಳಗೆ. ಪಟ್ಟದಕಲ್ಲಿನ ದಂಡೆಯಲ್ಲಿ ನಿಂತು ನೋಡುವ ನೀರು ಎಲ್ಲಿಂದ ಬರುತ್ತದೆಂದು ನೋಡಿ ಬನ್ನಿ. ಬಸ್ಸಿನ ಖರ್ಚು, ಎರಡು ದಿನ. ಮಳೆ ಬಿಟ್ಟ ಮೇಲೆ ಹೋದರೆ ಜಿಗಣೆಯ ಪರಿಚಯವೂ ಆದೀತು, ನಿಮ್ಮ ಬೂಟು ಎಷ್ಟು ತಡೆಯುತ್ತದೆಂಬುದೂ ತಿಳಿದೀತು. ನಾವು ಈ ತಾಲೀಮು ಮಾಡದೆ ಹೋದೆವು, ನನ್ನ ಬೂಟಿನ ಅಟ್ಟೆ ಸಿಂಹರಾಜದಲ್ಲೇ ಉಳಿಯಿತು.

ಕೊನೆಯದಾಗಿ ಕಾಗದಪತ್ರ. ಶ್ರೀಲಂಕಾಕ್ಕೆ ಹೋಗಲು ಮೊದಲೇ ಆನ್‌ಲೈನಿನಲ್ಲಿ ಅನುಮತಿ ಪಡೆದುಕೊಳ್ಳುವುದು ಒಳ್ಳೆಯದು. ಇದರ ಶುಲ್ಕ, ನಿಯಮ ಮೇಲಿಂದ ಮೇಲೆ ಬದಲಾಗಿವೆ, ಸರ್ಕಾರದ ಅಧಿಕೃತ ತಾಣದಲ್ಲೇ ನೋಡಿ, ಅದರಂತೆಯೇ ಕಾಣುವ ನಕಲಿ ತಾಣಗಳಲ್ಲಿ ಹಣ ಕಟ್ಟಬೇಡಿ. ಪಾಸ್‌ಪೋರ್ಟಿಗೆ ಹುಬ್ಬಳ್ಳಿಯ ಸೇವಾ ಕೇಂದ್ರಕ್ಕೆ ಹೋಗಬಹುದು. ಆದರೆ ನಮ್ಮವರ ಅರ್ಜಿ ನಿಲ್ಲುವುದು ಹೆಸರಿನಲ್ಲಿ. ಹತ್ತನೆಯ ತರಗತಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಒಂದರಲ್ಲಿ ಬೇಗಂ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ನನ್ನ ಮಗಳ ಹೆಸರು ಸರಿಪಡಿಸಲು ನಾಲ್ಕು ತಿಂಗಳು ಹಿಡಿಯಿತು. ಮಾರ್ಚ್ ತಪ್ಪಿ ಮೇ ಆದದ್ದಕ್ಕೆ ಅದೂ ಒಂದು ಕಾರಣ.

ಬರುವ ಭಾನುವಾರ ಅಸರ್ ನಮಾಜಿನ ನಂತರ ನಾನು ಸಂಘದ ವಾಚನಾಲಯದಲ್ಲಿ ಕುಳಿತಿರುತ್ತೇನೆ. ಹೋಗುವವರು, ಹೋಗಬೇಕೆಂದು ಆಸೆಯಿರುವವರು, ಹೆಣ್ಣುಮಕ್ಕಳು ವಿಶೇಷವಾಗಿ, ತಮ್ಮ ಜನನ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್ ಮೂರನ್ನೂ ತನ್ನಿ. ಮೂರನ್ನೂ ಒಂದರ ಪಕ್ಕ ಒಂದಿಟ್ಟು ಹೆಸರು ಓದೋಣ. ಮಗಳ ನೋಟ್‌ಬುಕ್ಕನ್ನೂ ತರುತ್ತೇನೆ.