ಸೂಜಿಯಾಚೆಗಿನ ದಣಿವು

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ ಎಂಬ ಬೇಯಿಸುವ ಮನೆಯ ಬೆಂಕಿಗೆ ರಾತ್ರಿಯಿಡೀ ಕಾವಲು. ಊಟದ ಹೊತ್ತು ತಪ್ಪುತ್ತದೆ, ನಿದ್ದೆ ಕೆಡುತ್ತದೆ. ಹಾಗೆ ಕೂತವರಿಗೆ ಟೈಪ್ ಒನ್ ಮಧುಮೇಹವಿದ್ದರೆ? ದೇಹ ಇನ್ಸುಲಿನ್ ತಯಾರಿಸುವುದನ್ನೇ ಬಹುಪಾಲು ಬಿಟ್ಟಿರುತ್ತದೆ, ಸೂಜಿ ತಪ್ಪಿಸುವಂತಿಲ್ಲ. ಚುಚ್ಚಿಕೊಂಡು ಉಣ್ಣದೆ ಉಳಿದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಪ್ರಜ್ಞೆಯೂ ತಪ್ಪೀತು. ಒಮ್ಮೆ ಹಾಗಾದವರು ಹೆದರಿ, ಬೇಕೆಂದೇ ಸಕ್ಕರೆಯನ್ನು ಹೆಚ್ಚಾಗಿಯೇ ಇಟ್ಟುಕೊಳ್ಳುವುದುಂಟು. ಅದನ್ನು ಅಸಡ್ಡೆ ಅಂತ ಬೈಯುವವರೇ ಜಾಸ್ತಿ.

1922ರಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನಿಗೆ ಇನ್ಸುಲಿನ್ ಕೊಟ್ಟರು, ಜೀವ ಉಳಿಯಿತು. ಆದರೆ ದಿನವೂ ಲೆಕ್ಕ ಹಾಕುತ್ತ ಬದುಕುವ ದಣಿವನ್ನು ಅಳೆಯಲು ಪ್ರಶ್ನಾವಳಿ ಬಂದದ್ದು 1995ರಲ್ಲಿ. ಈ ದಣಿವು ಖಿನ್ನತೆಯೇ ಆಗಿರಬೇಕಿಲ್ಲ. ಮದುವೆ ಮಾತುಕತೆಯಲ್ಲಿ ಸೂಜಿ ಮುಚ್ಚಿಟ್ಟವರಿಗೆ ಇದರ ಭಾರ ಇನ್ನೂ ಚೆನ್ನಾಗಿ ಗೊತ್ತು.

ಈ ದಣಿವಿಗೆ ಮನೋಚಿಕಿತ್ಸೆಯ ನೆರವುಂಟು; ಅದು ಇನ್ಸುಲಿನ್ನಿಗೆ ಬದಲಿಯಲ್ಲ. ಸಕ್ಕರೆ ಅಳೆಯುವ ಮೀಟರ್ 300 ತೋರಿಸಿದಾಗ ‘ನನ್ನ ಕೈಲಾಗದು’ ಅನ್ನಿಸುತ್ತದಲ್ಲ, ಆ ಯೋಚನೆಯನ್ನು ಎದುರಿಗಿಟ್ಟುಕೊಂಡು, ನಿನ್ನೆ ಏನಾಯಿತು, ನಾಳೆ ಯಾವುದೊಂದನ್ನು ಬದಲಿಸಬಹುದು ಎಂದು ತಿಳಿದವರೊಬ್ಬರ ಜೊತೆ ಕೂತು ನೋಡುವುದೇ ಅದು. ಕುಸಿತದ ಭಯವನ್ನೂ ಹೀಗೇ, ಹಂತಹಂತವಾಗಿ ಇಳಿಸುತ್ತಾರೆ.

ಕೆ.ಆರ್.ನಗರದಿಂದಲೋ ಎಚ್.ಡಿ.ಕೋಟೆಯ ಕಾಡಂಚಿನಿಂದಲೋ ಇಂಥ ನೆರವಿಗಾಗಿ ಮೈಸೂರಿಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. ಮಾತು ಶುರುಮಾಡಲು 14416 ಇದೆ. 2022ರಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲೇ. ಆದರೆ ಕೈ ನಡುಗುತ್ತಿರುವಾಗ ಮೊದಲು ಸಕ್ಕರೆ ನೀರು ಕುಡಿಯಿರಿ, ಫೋನು ಆಮೇಲೆ.